ಸಿದ್ದಲಿಂಗಪ್ಪನವರು ಟೈಪ್ ಮಾಡದ ಪದ

ಎಂಥ ಕೆಟ್ಟ ಬೈಗುಳವನ್ನಾದರೂ ಸಿದ್ದಲಿಂಗಪ್ಪನವರ ಟೈಪ್‌ರೈಟರ್ ಅಕ್ಷರ ಬಿಡದೆ ಕುಟ್ಟುತ್ತಿತ್ತು. ‘ಮರ್ಡರ್’ ಎಂದೊಡನೆ ಮಾತ್ರ ನಿಂತುಬಿಡುತ್ತಿತ್ತು.

ಅರಕಲಗೂಡಿನ ಕೋರ್ಟಿನೆದುರು ಹೊಂಗೆ ಮರದಡಿ ಅವರ ಮೇಜು. ದೂರು, ಅರ್ಜಿ ಬರೆದುಕೊಡುವುದು ಕಸುಬು. ಮೇಜಿನ ಪಕ್ಕದಲ್ಲೊಂದು ಸ್ಟೂಲು. ಅದರ ಮೇಲೆ ಯಾರೂ ಕೂರದ ಹಾಗೆ ಸದಾ ಅವರ ಕೊಡೆ.

ನಮ್ಮ ಕಡೆ ಆ ಇಂಗ್ಲಿಷ್ ಪದಕ್ಕೆ ಬಿಡುವೇ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ‘ಮರ್ಡರ್ ಮಾಡ್ಬುಟ್ಲು’, ಕ್ಷೌರ ಕೆಟ್ಟರೂ ಮರ್ಡರ್ರೇ. ಶಾಲೆಗೆ ರಜೆ ಹಾಕಿ ನನ್ನ ಜಮೀನಿನ ಕೇಸಿಗೆಂದು ಹೋದ ಒಂದು ದಿನ ಕೊಣನೂರಿನ ರೈತನೊಬ್ಬ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ.

“ಬರೀರಿ ಸಾ, ಮರ್ಡರ್ ಮಾಡಾಕ್ ಬಂದಿದ್ದ.”

“ಏನ್ ತಂದಿದ್ದ?”

“ಬಾರ್ಕೋಲು.”

“ಬಾರ್ಕೋಲಲ್ಲಿ ಎಷ್ಟ್ ದಿನ ಒಡುದ್ರೆ ನೀನ್ ಸಾಯ್ತೀಯ, ಏಳು ನೋಡಾನ. ಜೀವ ತೆಗೀಲೇಬೇಕು ಅನ್ನೋ ಮನ್ಸ್ ಇರ್ಬೇಕು ಕಣಯ್ಯ, ಆ ಜೀವಾನೂ ಓಗ್ಬೇಕು. ಆಗ ಆ ಪದ. ನಿಂದು ಬೆರಳು.”

“ಅದಿಲ್ದಿದ್ರೆ ಸ್ಟೇಷನ್ನೋರು ತಿರುಗೂ ನೋಡಲ್ಲ ಸಾ.”

“ಅಂಗಾರೆ ಎದುರ್ಗಡೆ ಕಂಪ್ಯೂಟರ್ ಅಂಗ್ಡಿಗ್ ಓಗು. ಅಲ್ಲಿ ಎಲ್ಲಾರ್ಗೂ ಒಂದೇ ಸಾಲು ಒತ್ತಿ ಕೊಡ್ತಾರೆ.”

ರೈತ ಹೋದ. ಹೋಗುವವರೇ ಹೆಚ್ಚು, ಬರುವವರು ದಿನಕ್ಕೊಬ್ಬರೋ ಇಬ್ಬರೋ.

“ಹೊಟ್ಟೆಪಾಡು ನೋಡಬೇಡವೇ?” ಎಂದೆ. ಅವರು ಕೊಡೆಯತ್ತ ನೋಡಿದರು. ಆವತ್ತು ಬಾಯಿಬಿಟ್ಟರು.

ಸ್ಟೂಲು ಮಲ್ಲಿಪಟ್ಟಣದ ಕಾಳೇಗೌಡರದ್ದು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಸಂತೆಯ ದಿನ ಗೌಡರು ಬಂದು ಸಂಜೆಯವರೆಗೆ ಅಲ್ಲೇ ಕೂರುತ್ತಿದ್ದರು. ಒಮ್ಮೆ ನೀರು ಹಾಯಿಸುವ ಜಗಳದಲ್ಲಿ ಗೌಡರು ದಾಯಾದಿಯನ್ನು ದಬ್ಬಿದರು. ಅವನು ಬದುವಿನಿಂದ ಉರುಳಿದ, ತಲೆಗೆ ಕಲ್ಲು ಬಡಿಯಿತು. ಅವನ ಮನೆಯವರು ದೂರು ಬರೆಸಲು ಬಂದದ್ದು ಇದೇ ಮೇಜಿಗೆ. ದೂರು ಬಿಗಿಯಾಗಿರಲೆಂದು ಎಲ್ಲ ಹೊಡೆದಾಟಕ್ಕೂ ಹಾಕುವ ರೂಢಿಯ ಸಾಲನ್ನು ಇವರು ಇದಕ್ಕೂ ಹಾಕಿದರು: ‘ಮರ್ಡರ್ ಮಾಡುವ ಉದ್ದೇಶದಿಂದಲೇ’. ನಾಲ್ಕು ದಿನದಲ್ಲಿ ರಾಜಿಯಾಗುತ್ತದೆ, ಕಾಳನೇ ಬಂದು ನಗುತ್ತಾನೆ ಎಂದುಕೊಂಡಿದ್ದರು. ಮೂರನೆಯ ದಿನ ದಾಯಾದಿ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡ. ಗೌಡರು ವರ್ಷಗಟ್ಟಲೆ ಜೈಲಿನಲ್ಲಿದ್ದರು. ಆ ಒಂದು ಸಾಲಿನಿಂದಲೇ ಹಾಗಾಯಿತೋ, ನನಗೆ ತಿಳಿಯದು. ಇವರು ಹಾಗೇ ನಂಬಿದ್ದರು. ಬಿಡುಗಡೆಯಾದ ಮೇಲೂ ಗೌಡರು ಈ ಮರದ ಕಡೆ ಬರಲಿಲ್ಲ.

ನನ್ನ ಕೇಸಿನ ಮುಂದಿನ ವಾಯಿದೆಗೆ ಹೋದಾಗ ನನ್ನ ಕೈಗೊಂದು ಟೈಪ್ ಮಾಡಿದ ಕಾಗದ ಕೊಟ್ಟರು. ‘ಕಾಳ, ನೀನು ದಬ್ಬಿದ್ದು ನಿಜ. ಮಾಡಿದ್ದು        ಅಲ್ಲ. ಆ ಸಾಲು ನನ್ನದು.’ ನಡುವೆ ಜಾಗ ಖಾಲಿ.

“ಅಲ್ಲಿ ಕೈ ಓಡಲ್ಲ ಮೇಷ್ಟ್ರೆ. ನೀವೇ ತುಂಬ್ಸಿ, ಅವ್ನಿಗ್ ಮುಟ್ಟಿಸ್ಬುಡಿ.”

ನೀಲಿ ಪೆನ್ನಿನಲ್ಲಿ ನಾನೇ ಬರೆದೆ. ಅದೇ ಮಧ್ಯಾಹ್ನ ಮಲ್ಲಿಪಟ್ಟಣಕ್ಕೆ ಹೋದೆ.

ಕಾಳೇಗೌಡರು ಹೊಗೆಸೊಪ್ಪು ಕಟ್ಟುತ್ತ ಕೂತಿದ್ದರು. ಕಾಗದವನ್ನು ಎರಡು ಸಲ ಓದಿ, ನೀಲಿ ಪದದ ಮೇಲೆ ಬೆರಳಿಟ್ಟರು.

“ಇದ್ಯಾರ್ ಬರ್ದುದ್ದು?”

“ನಾನು. ಅವರಿಗೆ ಕೈ ಬರಲಿಲ್ಲವಂತೆ.”

“ಅವತ್ತು ಬಂದಿತ್ತಲ್ಲ!”

ಮತ್ತೆ ಸೊಪ್ಪಿಗೆ ಕೈಹಾಕಿದರು. ಎರಡು ಕಟ್ಟು ಮುಗಿದ ಮೇಲೆ ಕಾಗದ ಮಡಿಸಿ ನನಗೇ ಕೊಟ್ಟರು.

“ಜೈಲಲ್ಲಿ ಕೂತು ಇವತ್ ಬತ್ತಾನೆ, ನಾಳೀಕ್ ಬತ್ತಾನೆ ಅಂತ ಬಾಗ್ಲು ನೋಡ್ದೆ ಮೇಷ್ಟ್ರೆ. ಒಂದಿನಾನೂ ಬರ್ನಿಲ್ಲ ನನ್ ಮಗ. ಈಗ ಕಾಗ್ದ ಕಳಿಸ್ತವ್ನೆ. ಬ್ಯಾಡ. ಅವ್ನೇ ಬರ್ಲಿ. ಬಂದು ಬಾಯ್ಬುಟ್ಟು ಏಳ್ಲಿ. ಕೂರುಸ್ಕಂಡು ಮುದ್ದೆ ಇಕ್ತೀನಿ, ಅಂಗಂತ ಏಳಿ.”

ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅವರ ಮುಖ ನೋಡಿಕೊಂಡೇ ಹೇಳಬೇಕು ಎಂದು ಇನ್ನೊಂದು ವಾಯಿದೆಗೆ ಕಾದೆ. ಹದಿನೈದು ದಿನ.

ಹೋದಾಗ ಮೇಜು ಮರಕ್ಕೆ ಒರಗಿಕೊಂಡು ತಲೆಕೆಳಗಾಗಿತ್ತು. ಟೀ ಅಂಗಡಿಯಾಕೆ ಲೋಟ ತೊಳೆಯುತ್ತ, “ಅಯ್ಯೋ, ಟೈಪಿನ್ ಸ್ವಾಮ್ಯಾರು ಓದ್ ಸ್ವಾಮಾರ್ವೇ ತೀರ್ಕಂಡ್ರಲ್ಲಪ್ಪ, ನಿಮ್ಗ್ ಗೊತ್ತಾಗ್ನಿಲ್ವಾ?” ಎಂದಳು.

ಸ್ಟೂಲು ಅಲ್ಲೇ ಇತ್ತು. ಕೊಡೆ ಇರಲಿಲ್ಲ. ಅದರ ಮೇಲೆ ಕೂರಲು ಮನಸ್ಸಾಗದೆ ಬಸ್ ನಿಲ್ದಾಣಕ್ಕೆ ನಡೆದೆ. ಮಲ್ಲಿಪಟ್ಟಣದ ಬಸ್ಸು ಹೊರಟು ನಿಂತಿತ್ತು. ಹತ್ತಿದೆ. ದಾರಿಯುದ್ದಕ್ಕೂ, ಮೊದಲ ಮಾತು ಏನೆಂದು ಆಡಲಿ ಎಂದೇ ಯೋಚಿಸುತ್ತಿದ್ದೆ.