ಮೊದಲ ಸರದಿ

ಪಾಂಡವಪುರದ ಆ ನರ್ಸಿಂಗ್ ಹೋಮಿನಲ್ಲಿ ಗಂಟಲಿನಿಂದ ಹೊಟ್ಟೆಗೆ ಇಳಿಸಿ ನೋಡುವ ಕೊಳವೆ ಇದ್ದದ್ದು ಒಂದೇ. ಅದನ್ನು ತೊಳೆಯುವವಳೂ ಒಬ್ಬಳೇ, ಪ್ರಮೀಳಾ. ಗುರುವಾರ ಮೈಸೂರಿನಿಂದ ಡಾಕ್ಟರು ಬರುತ್ತಾರೆ. ಹತ್ತು ಹನ್ನೆರಡು ಜನ ಬರಿಹೊಟ್ಟೆಯಲ್ಲಿ ಕಾದಿರುತ್ತಾರೆ. ಒಬ್ಬರಿಗೆ ಹಾಕಿದ ಕೊಳವೆಯನ್ನು ಒಳಗೆಲ್ಲ ಬ್ರಷ್ ಆಡಿಸಿ ತೊಳೆದು, ಔಷಧದ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟೇ ಇನ್ನೊಬ್ಬರಿಗೆ ಹಾಕಬೇಕು. ಡಾಕ್ಟರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಐದೇ ನಿಮಿಷಕ್ಕೆ ತೆಗೆಸುತ್ತಾರೆ. ಪುಸ್ತಕದಲ್ಲಿ ಮಾತ್ರ ಪ್ರಮೀಳಾ ಇಪ್ಪತ್ತು ಎಂದು ಬರೆದು ಸಹಿ ಹಾಕಬೇಕು.

ಒಮ್ಮೆ ಮ್ಯಾನೇಜರ್ ತಿಮ್ಮರಾಜುವಿಗೆ ಹೇಳಿಯೂ ನೋಡಿದಳು. “ಉಂಡ ಮನೆ ಜಂತೆ ಎಣಿಸ್ಬಾರ್ದು ಕಣಮ್ಮ. ಸಹಿ ಯಾರ್ದು, ನಿಂದಲ್ವಾ? ಬಾಯಿ ಬುಟ್ರೆ ಮೊದ್ಲು ಸಿಗಾಕೊಳ್ಳೋಳು ನೀನೇಯ” ಎಂದ. ಅಂದಿನಿಂದ ಅವಳ ಗಂಟಲಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಅವಳು ಕಂಡುಕೊಂಡ ದಾರಿ ಒಂದೇ. ಬೆಳಗಿನ ಮೊದಲ ಸರದಿಗೆ ಮಾತ್ರ ಕೊಳವೆ ಪೂರ್ತಿ ನೆನೆದಿರುತ್ತದೆ. ತೊಣ್ಣೂರಿನ ಕಡೆಯ ತನ್ನವರು ಯಾರೇ ಬರಲಿ, ಅವರ ಹೆಸರನ್ನು ಮೊದಲು ಬರೆಸುತ್ತಿದ್ದಳು. ನಮ್ಮ ಪ್ರಮೀಳಾ ಇದ್ದರೆ ಕಾಯುವಂತಿಲ್ಲ ಎಂದು ಊರವರು ಹೊಗಳುವರು. ಅದನ್ನು ಕೇಳಿದಾಗೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಈ ಗುರುವಾರ ಮೊದಲ ಹೆಸರು ಸೋಮಮ್ಮನದು. ತಾಯಿಯಿಲ್ಲದ ಪ್ರಮೀಳಾಳಿಗೆ ಎರಡು ಬಾಣಂತನ ಮಾಡಿದ ನೆರೆಮನೆಯ ಮುದುಕಿ. ಮೊದಲ ಸರದಿ ಮುಗಿದು ಕೊಳವೆ ತೊಳೆಯಲು ಬಂತು. ಪ್ರಮೀಳಾ ಹೊರಗೆ ಇಣುಕಿದರೆ ಸೋಮಮ್ಮ ಇನ್ನೂ ಬೆಂಚಿನ ಮೇಲೆ ಕುಳಿತಿದ್ದಾಳೆ!

“ಆವಯ್ಯ ಒಟ್ಟೆ ಇಡ್ಕಂಡು ಒದ್ದಾಡ್ತಿದ್ದ ಕಣವ್ವ. ನಂಗೇನು ಅರ್ಜೆಂಟು, ನೀನೇ ಮೊದ್ಲು ಓಗಪ್ಪ ಅಂದ್ಬುಟ್ಟೆ. ಈಗ ನಂದೇಯ.”

ಈ ಮುದುಕಿಯ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ! ಪ್ರಮೀಳಾ ಕೊಳವೆಯನ್ನು ಉಜ್ಜಿ ತೊಳೆದು ಔಷಧದಲ್ಲಿ ಮುಳುಗಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.

ಐದು ನಿಮಿಷಕ್ಕೆ ತಿಮ್ಮರಾಜು ಬಂದು ಬಾಗಿಲು ಬಡಿದ. “ತೆಗಿಯಮ್ಮ, ಡಾಕ್ಟ್ರು ಕೂಗ್ತಾವ್ರೆ!”

“ಚಿಲಕ ಸಿಗಾಕೊಂಡದೆ ಸಾರ್, ಬರ್ತಾನೇ ಇಲ್ಲ” ಎನ್ನುತ್ತ ಗಡಿಯಾರ ನೋಡುತ್ತ ನಿಂತಳು. ಸರಿಯಾಗಿ ಇಪ್ಪತ್ತನೆಯ ನಿಮಿಷಕ್ಕೆ ಚಿಲಕ ಬಂತು. ಸೋಮಮ್ಮನ ಪರೀಕ್ಷೆ ಆಯಿತು. ಪುಸ್ತಕದಲ್ಲಿ ಎರಡನೆಯ ಸರದಿಯ ಮುಂದೆ ಮೊದಲ ಬಾರಿಗೆ ನಿಜವಾದ ಇಪ್ಪತ್ತನ್ನು ಪ್ರಮೀಳಾ ಬರೆದಳು.

ಅಷ್ಟರಲ್ಲಿ ತಿಮ್ಮರಾಜು ಸ್ಕ್ರೂಡ್ರೈವರ್ ತಂದು ಚಿಲಕವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮೂರನೆಯವಳು ಕೆ.ಆರ್. ಪೇಟೆ ಕಡೆಯ ಕುಳ್ಳಮ್ಮ ಎಂಬ ಹೆಂಗಸು. ಒಳಗೆ ಹೋಗುವಾಗ ನಿಂತು ಕೇಳಿದಳು: “ಪ್ರಮೀಳಾ ಅಂದ್ರೆ ನೀನೇಯೇನವ್ವ? ನೀನಿದ್ರೆ ಏನೂ ಭಯ ಇಲ್ಲ ಅಂತ ಸೋಮಮ್ಮ ಏಳ್ತು.”

ಕೊಳವೆ ಔಷಧದಲ್ಲಿ ಮುಳುಗಿ ಐದು ನಿಮಿಷವಾಯಿತು. ಒಳಗಿನಿಂದ ಕೂಗು ಬಂತು. ಪ್ರಮೀಳಾ ಕೊಳವೆಯನ್ನು ಎತ್ತಿ ಕೊಟ್ಟಳು. ಆಮೇಲೆ ಪುಸ್ತಕ ತೆರೆದು, ನಿಜವಾದ ಇಪ್ಪತ್ತರ ಕೆಳಗೆ ಇನ್ನೊಂದು ಇಪ್ಪತ್ತು ಬರೆದಳು.