ಮಗ್ಗದ ತಲೆಗೆ ಕಟ್ಟಿದ ಕೆಮ್ಮು

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬೇಗ ಖಾಲಿಯಾಗುತ್ತದೆ. ನಮ್ಮ ಕಡೆಯ ವೈದ್ಯ ಕಾಲೇಜೊಂದರಲ್ಲಿ ನಾನು ಅಂಗರಚನೆ ಕಲಿಸುತ್ತೇನೆ. ಹೆಣ ಕೆಡದಿರಲೆಂದು ಹಾಕುವ ಫಾರ್ಮಲಿನ್ ವಾಸನೆ ಒಮ್ಮೆ ಕೂದಲಿಗೆ ಹತ್ತಿದರೆ ಯಾವ ಸಾಬೂನಿಗೂ ಜಗ್ಗುವುದಿಲ್ಲ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ, ಚೀಲ ಇಡಲಿಕ್ಕಾದರೂ ಜಾಗ ಆಯಿತು ಎಂದುಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಕೆಮ್ಮು ಶುರುವಾಯಿತು. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ. ಜಮಖಂಡಿಯ ಡಾಕ್ಟರೊಬ್ಬರ ಬಳಿ ಹೋದೆ.

“ಯಾವ ಊರ್ರೀ?”

“ರಬಕವಿರೀ.”

“ಮನ್ಯಾಗ ಮಗ್ಗ ಐತೇನು?”

“ಐತ್ರಿ.”

“ಆತಲ್ಲ ಮತ್ತ. ನೂಲಿನ ಧೂಳ ಅದು. ಸ್ವಲ್ಪ ದಿನ ದೂರ ಇರ್ರಿ.”

ನಾನು ಏನು ಕೆಲಸ ಮಾಡುತ್ತೇನೆಂದು ಅವರು ಕೇಳಲಿಲ್ಲ, ನನಗೂ ಹೇಳಬೇಕೆನ್ನಿಸಲಿಲ್ಲ. ನೇಕಾರರ ಮನೆಯಲ್ಲಿ ಯಾರು ಕೆಮ್ಮಿದರೂ ಅದನ್ನು ಮಗ್ಗದ ತಲೆಗೇ ಕಟ್ಟುವುದು ರೂಢಿ. ಅಜ್ಜನ ಕೆಮ್ಮನ್ನೂ ಹಾಗೇ ಕಟ್ಟಿದ್ದೆವು. ಡಾಕ್ಟರ ಮಾತಿನಂತೆ ಮುಧೋಳದಲ್ಲಿ ಒಂದು ಕೋಣೆ ಹಿಡಿದೆ. ಕೆಮ್ಮು ಅಲ್ಲಿಗೂ ಬಂತು; ಹಳೆಯ ಧೂಳು ಇನ್ನೂ ಎದೆಯಲ್ಲೇ ಇದೆ ಎಂದುಕೊಂಡೆ. ಖಾನಾವಳಿಯ ರೊಟ್ಟಿ ತಂದು ಗೋಡೆಗೆ ಮುಖ ಮಾಡಿ ಉಣ್ಣುವುದು ಅಭ್ಯಾಸವಾಯಿತು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ನಾನು ಅಲ್ಲಿಯವರೆಗೆ ಮಲಗಿರಲೇ ಇಲ್ಲ.

ಬೇಸಿಗೆ ರಜೆಗೆ ಮನೆಗೆ ಹೋದಾಗ ಪಡಸಾಲೆ ವಿಪರೀತ ದೊಡ್ಡದಾಗಿ ಕಂಡಿತು. ಅವ್ವ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ಕುಣಿಗೆ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿಸಿದ್ದಳು. ಮಗ್ಗವಿರಲಿಲ್ಲ.

“ತಗಸಿಬಿಟ್ಟೆ. ಇನ್ನ ಆರಾಮಾಗಿ ಮನಿಗಿ ಬಾ,” ಎಂದಳು. ಹಸಿ ಸಿಮೆಂಟಿನ ಗುರುತನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು.

ವಾರದೊಳಗೆ ಕೆಮ್ಮು ನಿಂತಿತು. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಆದರೆ ನಮ್ಮ ಎಡಕ್ಕೂ ಬಲಕ್ಕೂ ಪವರ್‌ಲೂಮುಗಳು ಹಗಲೆಲ್ಲ ಓಡುತ್ತಿದ್ದವು. ಕಿಟಕಿಯ ಕಂಬಿಗಳ ಮೇಲೆ ದಿನವೂ ಹತ್ತಿಯ ನವಿರು ಕೂಡುತ್ತಿತ್ತು. ಅದನ್ನು ಒರೆಸುತ್ತಿದ್ದವಳು ನಾನೇ.

ರಜೆ ಮುಗಿಸಿ ಮೊದಲ ದಿನ ಹೆಣವಿಟ್ಟ ತೊಟ್ಟಿಯ ಮುಚ್ಚಳ ತೆಗೆಸಿದೆ. ಕಣ್ಣು ಉರಿದು ನೀರು ಸುರಿಯಿತು, ಕೆಮ್ಮು ಒತ್ತರಿಸಿ ಬಂತು. ಸಂಜೆಯ ಹೊತ್ತಿಗೆ ಎದೆಯ ಸಿಳ್ಳೆ ಹಾಜರು. ವಿದ್ಯಾರ್ಥಿಗಳಿಗೆ ಶ್ವಾಸಕೋಶ ಬಿಡಿಸಿ ತೋರಿಸುವ ನನಗೆ ನನ್ನದೇ ಶ್ವಾಸಕೋಶದ ಸಂಕಟ ಇಷ್ಟು ದಿನ ಗೊತ್ತಾಗಿರಲಿಲ್ಲ. ಮಗ್ಗದ ಮೇಲೆ ಸುಳ್ಳು ಅಪವಾದ ಹೊರಿಸಿ ಅದನ್ನು ಮನೆಯಿಂದ ಹೊರಗೆ ಹಾಕಿಸಿದ್ದೆವು. ಆ ದಿನ ತುಂಬ ಅತ್ತೆ. ಹೆಣ ಕೊಯ್ಯುವ ಕೋಣೆಯಲ್ಲಿದ್ದವರು ಫಾರ್ಮಲಿನ್ ಉರಿ ಎಂದುಕೊಂಡರು.

ಗಾಳಿ ಹೊರಹಾಕುವ ಫ್ಯಾನು ಕೆಟ್ಟಿದೆ ಎಂದು ಕಚೇರಿಯಲ್ಲಿ ಹೇಳಿದೆ. “ಮಾಡಿಸೂಣ್ರಿ ಮೇಡಂ,” ಎಂದರು. ಇನ್ನೂ ಮಾಡಿಸುತ್ತಲೇ ಇದ್ದಾರೆ.

ಅವ್ವ ದಿನವೂ ಫೋನ್ ಮಾಡುತ್ತಾಳೆ. “ಕೆಮ್ಮ ಹೋತಿಲ್ಲವಾ?”

ಫೋನನ್ನು ದಿಂಬಿನಡಿ ಒತ್ತಿಹಿಡಿದು, ಕೆಮ್ಮಿ ಮುಗಿಸಿ, ಮತ್ತೆ ಕಿವಿಗಿಡುತ್ತೇನೆ.

“ಹೋತವ್ವಾ.”

“ಮತ್ತ ಐತವಾರ ಯಾಕ ಬರವಲ್ಲಿ?”

ಕೆಲಸ ಭಾಳ ಐತಿ ಎನ್ನುತ್ತೇನೆ. ಈಗ ಆ ಮನೆಯಲ್ಲಿ ರಾತ್ರಿ ನನ್ನ ಕೆಮ್ಮನ್ನು ಮುಚ್ಚಲು ಮಗ್ಗದ ಸದ್ದೂ ಇಲ್ಲ.