ದಿನಾ ಹಸಿರು ಕೀಳುತ್ತಿದ್ದ ಅಕ್ಕ

ಅಕ್ಕನ ಉಗುರುಗಳೆಲ್ಲ ಸವೆದು ಮೊಂಡಾಗಿದ್ದವು, ಬಲಗೈ ಹೆಬ್ಬೆರಳಿನದೊಂದು ಮಾತ್ರ ಉದ್ದ. ಸ್ಟಿಕ್ಕರ್ ಕೀಳಲೆಂದೇ ಅದನ್ನು ಬಿಟ್ಟುಕೊಂಡಿದ್ದರು. ಜೆ.ಪಿ. ನಗರದ ನಮ್ಮ ಕಸ್ಟಮರ್ ಕೇರ್ ಆಫೀಸಿನಲ್ಲಿ ಬೆಳಿಗ್ಗೆ ಎಲ್ಲರೂ ಬೋರ್ಡಿನಲ್ಲಿ ತಮ್ಮ ಹೆಸರಿನ ಮುಂದೆ ಒಂದು ಮುಖ ಅಂಟಿಸಬೇಕು. ಮನಸ್ಸು ಚೆನ್ನಾಗಿದ್ದರೆ ಹಸಿರು ನಗುಮುಖ, ಇಲ್ಲದಿದ್ದರೆ ಕೆಂಪು ಸಪ್ಪೆಮುಖ. ಸಂಜೆ ಅವನ್ನೆಲ್ಲ ಕಿತ್ತು ಒರೆಸುವುದು ಹೌಸ್‌ಕೀಪಿಂಗ್‌ನ ಈ ಅಕ್ಕನ ಕೆಲಸ. ಅವರ ಹೆಸರು ಆ ಬೋರ್ಡಿನಲ್ಲಿರಲಿಲ್ಲ.

ಕೆಂಪು ಅಂಟಿಸಬಾರದೆಂದು ಯಾರೂ ಹೇಳಿರಲಿಲ್ಲ. ಅಂಟಿಸಿದವರನ್ನು ಮ್ಯಾನೇಜರ್ ಒಳಗೆ ಕರೆದು, "ಪಾಸಿಟಿವ್ ಆಗಿರಿ, ಟೀಮ್ ಮೇಲೆ ಎಫೆಕ್ಟ್ ಆಗುತ್ತೆ" ಎನ್ನುತ್ತಿದ್ದರು, ಅಷ್ಟೇ. ಹಾಗೆ ಹೋಗಿ ಬಂದವರು ಮತ್ತೆ ಕೆಂಪಿನ ತಂಟೆಗೆ ಹೋಗುತ್ತಿರಲಿಲ್ಲ.

"ದಿನಾ ಬರೀ ಹಸಿರೇ ಕೀಳ್ತೀನಿ. ಇಷ್ಟು ಜನದಲ್ಲಿ ಒಬ್ರಿಗೂ ತಲೆನೋವು ಬರಲ್ವಾ?" ಎಂದು ಅಕ್ಕ ನಗುತ್ತಿದ್ದರು. ಪುಟ್ಟೇನಹಳ್ಳಿಯಿಂದ ನಡೆದೇ ಬರುತ್ತಿದ್ದರು. ಬಿಟಿಎಂ ಪಿಜಿಯಲ್ಲಿ ಒಬ್ಬಳೇ ಇದ್ದ ನನ್ನನ್ನು ಕಂಡರೆ "ಊಟ ಆಯ್ತೇನಮ್ಮಾ?" ಎಂದು ಕೇಳಿ, ಉತ್ತರ ಬರುವವರೆಗೂ ನಿಲ್ಲುತ್ತಿದ್ದರು. ಈ ಊರಿನಲ್ಲಿ ಹಾಗೆ ನಿಂತವರು ಅವರೊಬ್ಬರೇ.

ಅಪ್ಪ ತೀರಿಕೊಂಡಾಗ ಗದಗಕ್ಕೆ ಹೋದವಳು ಐದನೇ ದಿನ ವಾಪಸು ಬಂದೆ. ನನ್ನ ಕೆಲಸ ಕಾಯಂ ಆಗಬೇಕಿದ್ದ ವಾರ ಅದು. ಹಸಿರು ಅಂಟಿಸಿ ಕೂತೆ. ಮಧ್ಯಾಹ್ನ ನೋಡಿದರೆ ನನ್ನ ಹೆಸರಿನ ಮುಂದೆ ಕೆಂಪು! ಅಂಟಿಸಿದ್ದನ್ನು ಕೀಳುವವರು ಅಕ್ಕನ ಹೊರತು ಬೇರಾರೂ ಇರಲಿಲ್ಲ. ಅವರ ಹತ್ತಿರ ಓಡಿದೆ.

"ಹಿಂಗ್ಯಾಕ ಮಾಡಿದ್ರಿ ಅಕ್ಕಾ?"

"ಬಾತ್‌ರೂಮಲ್ಲಿ ನೀನು ಅಳ್ತಿದ್ದಿದ್ದು ಕೇಳಿಸ್ತು ಕಣಮ್ಮ. ಕೆಂಪು ಹಾಕಿದ್ರೆ ಒಳಗೆ ಕರೀತಾರಲ್ಲ, ಸಮಾಧಾನ ಮಾಡಿ ಮನೆಗೆ ಕಳಿಸ್ತಾರೆ ಅಂದ್ಕೊಂಡೆ."

ಆ ಬೋರ್ಡನ್ನು ನಿಜವೆಂದು ನಂಬಿದ್ದವರು ಇಡೀ ಆಫೀಸಿನಲ್ಲಿ ಇವರೊಬ್ಬರೇ.

ಅಷ್ಟರಲ್ಲಿ ಒಳಗೆ ಬರುವಂತೆ ಕರೆ ಬಂತು. "ಅಪ್ಪನ ವಿಷಯ ಗೊತ್ತು. ಆದ್ರೂ ಕೆಂಪು ಯಾಕೆ?" ಎಂದರು ಮ್ಯಾನೇಜರ್.

"ನಾ ಅಲ್ರೀ ಸಾರ್, ಕ್ಲೀನಿಂಗ್ ಅಕ್ಕ ಅಂಟಿಸಿದ್ದು. ನಾ ಪಾಸಿಟಿವ್ ಅದೀನಿ" ಎಂದು ಹಲ್ಲುಬಿಟ್ಟು ನಕ್ಕೂ ತೋರಿಸಿದೆ. ಅಂಟಿಸಿದ್ದು ನಾನೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ.

ನನ್ನ ಕೆಲಸ ಕಾಯಂ ಆಯಿತು. ಅಕ್ಕನನ್ನು ಮರುದಿನವೇ ಕೆಲಸದಿಂದ ಬಿಡಿಸಿದರು. ಪುಟ್ಟೇನಹಳ್ಳಿ ಕೆರೆಯ ಸುತ್ತಮುತ್ತ ಎರಡು ಭಾನುವಾರ ಹುಡುಕಿದೆ. ಸಿಕ್ಕವರೆಲ್ಲ ಹೆಸರೇನೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅದೊಂದನ್ನು ನಾನು ಕೇಳಿರಲೇ ಇಲ್ಲ.

ಈಗ ಸ್ಟಿಕ್ಕರುಗಳನ್ನು ಬ್ಲೇಡಿನಲ್ಲಿ ಕೆರೆಯುತ್ತಾರೆ. ಇವತ್ತೂ ಹಸಿರೇ ಅಂಟಿಸಿ ಬಂದಿದ್ದೇನೆ. ಊಟ ಆಗಿಲ್ಲ. ಯಾರೂ ಕೇಳಿಲ್ಲ.